ಪಡದೆಯ ಹಿಂದಿನ ಒಲೆ

ನಮ್ಮ ಮನೆಗೆ ಬರಬೇಕೆಂದರೆ ರಂಗವನ್ನು ದಾಟಿ ಬರಬೇಕಿತ್ತು. ಸಾಂಗ್ಲಿಯ ಹಳೇ ಪೇಟೆಯಲ್ಲಿ, ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿಸಾಲು ಮುಗಿಯುವ ತಿರುವಿನಲ್ಲಿ ಆ ನಾಟಕದ ಥೇಟರು ಇತ್ತು. ಕಟ್ಟಡ ಈಗಲೂ ಇದೆ, ನಾಟಕ ಇಲ್ಲ. ಮುಂದಿನ ಗೋಡೆಯ ಮೇಲೆ ಅದರ ಉದ್ದನೆಯ, ಗಂಭೀರವಾದ ಹೆಸರನ್ನು ಕೆತ್ತಿದ್ದರು. ನಮ್ಮ ಬಾಯಲ್ಲಿ ಅದು ಬರೀ ಥೇಟರ. ದೊಡ್ಡ ಬಾಗಿಲಿಗೆ ಹಗಲೆಲ್ಲ ಕೀಲಿ. ಹಾಗಾಗಿ ನಾವು ಓಣಿಯ ಕಡೆಯ ಸಣ್ಣ ಬಾಗಿಲಿನಿಂದ ಒಳಗೆ ಬಂದು, ಮೂರು ಮೆಟ್ಟಿಲು ಹತ್ತಿ, ಕಾಲಿಟ್ಟಲ್ಲೆಲ್ಲ ಕಿರುಗುಟ್ಟುವ ಹಲಗೆಗಳ ಮೇಲೆ ನಡೆದು, ಕಟ್ಟಕಡೆಯ ಪಡದೆಯನ್ನು ಸರಿಸಬೇಕು. ಅದರಾಚೆ ಎರಡು ಖೋಲಿ. ಮೊದಲನೆಯದರಲ್ಲಿ ನಾಟಕದ ಸಾಮಾನುಗಳ ಜೊತೆ ನಮ್ಮ ಹಾಸಿಗೆ, ಎರಡನೆಯದರಲ್ಲಿ ಅವ್ವನ ಒಲೆ. ಒಲೆಯ ಮೇಲಿನ ಗೋಡೆಗೆ ಎರಡು ಪಟ: ಒಂದು ಬುದ್ಧನದು, ಇನ್ನೊಂದು ನೀಲಿ ಕೋಟಿನವರದು. ನಾನು ಹುಟ್ಟಿದ್ದು, ಅಂಬೆಗಾಲಿಟ್ಟದ್ದು, ಅಕ್ಷರ ತಿದ್ದಿದ್ದು ಅಲ್ಲಿಯೇ. ತಗಡಿನ ಸಿಂಹಗಳಿದ್ದ ರಾಜನ ಕುರ್ಚಿಯ ಮೇಲೆ ಕೂತು ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಅದರ ಒಂದು ಕಾಲು ಮುರಿದಿತ್ತು, ಕೆಳಗೆ ಇಟ್ಟಿಗೆ ಕೊಟ್ಟಿದ್ದರು.

ಅಪ್ಪ ಪರಸಪ್ಪ ಅಲ್ಲಿ ಪಡದೆ ಎಳೆಯುವವನು. ಕಸ ಹೊಡೆಯುವವನು, ದೀಪ ಹಚ್ಚುವವನು, ಕಾಯುವವನೂ ಅವನೇ. ಅವ್ವ ಸತ್ಯವ್ವ ದಿನಾ ಮುಂಜಾನೆ ಅರಿಶಿಣದ ಪೇಟೆಗೆ ಹೋಗಿ ಕೊಂಬು ಆರಿಸುತ್ತಿದ್ದಳು. ಅವಳ ಬೆರಳ ಸಂದುಗಳು ಸದಾ ಹಳದಿ. ಇಬ್ಬರೂ ಗಡಿಯಾಚೆಯ ಹಳ್ಳಿಯಿಂದ ಕೂಲಿ ಹುಡುಕಿಕೊಂಡು ಬಂದವರು. ಅಪ್ಪನ ಹಿರಿಯರ ಕಾಲಕ್ಕೇ ನಮ್ಮವರು ಬೌದ್ಧರಾಗಿದ್ದರು, ಆದರೆ ಊರು ಮಾತ್ರ ಅವರನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಿತ್ತು. ಅದನ್ನು ಕೇಳಲಾರದೆ ಬಂದೆವು ಎಂದು ಅಪ್ಪ ಹೇಳುತ್ತಿದ್ದ. ಹಸಿದು ಬಂದೆವು ಎಂದು ಅವ್ವ ಹೇಳುತ್ತಿದ್ದಳು. ಪಡದೆಯ ಈಚೆ ನಮ್ಮದು ಕನ್ನಡ, ಆಚೆ ಮರಾಠಿ. ನಾನು ಮರಾಠಿ ಕಲಿತದ್ದು ನಾಟಕದವರ ತಾಲೀಮು ಕೇಳಿ. ಮೊದಲನೇ ಇಯತ್ತೆಯಲ್ಲಿ ಪಾಟಿ ಕೇಳಲು ಎದ್ದು ನಿಂತು ರಾಣಿಯ ಹಾಗೆ ಮಾತಾಡಿದೆನಂತೆ. ಹುಡುಗಿಯರೆಲ್ಲ ನಕ್ಕರು, ಕಲಿಸುವ ಬಾಯಿಯವರೂ ನಕ್ಕರು. ಮನೆಗೆ ಬಂದು ಅತ್ತಾಗ ಅವ್ವನೂ ನಕ್ಕಳು.

ನಾನಾ ನಮ್ಮ ಮನೆಯವರಲ್ಲ, ಆದರೆ ನನ್ನ ಬಾಲ್ಯದಲ್ಲಿ ಅವರಿಲ್ಲದ ಮಧ್ಯಾಹ್ನವೇ ನೆನಪಿಲ್ಲ. ಅವರು ಥೇಟರಿನ ಮ್ಯಾನೇಜರು. ಬಿಳಿ ಪಾಯಿಜಾಮ, ಕರಿ ಟೊಪ್ಪಿಗೆ, ಎದೆಯ ಕಿಸೆಯಲ್ಲಿ ಎರಡು ಪೆನ್ನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹಿಂದಿನ ಬೀದಿಯ ವಾಡೆಯಲ್ಲಿ ಅಣ್ಣನ ಕುಟುಂಬದ ಜೊತೆ ಇದ್ದರು. ನಾನು ತೊಟ್ಟಿಲಲ್ಲಿದ್ದಾಗ ಒಂದು ಬ್ಯಾಸಿಗೆಯ ಮಧ್ಯಾಹ್ನ ಅವರು ಗುಳಿಗೆ ನುಂಗಲು ನೀರು ಬೇಕೆಂದು ಪಡದೆ ಸರಿಸಿ ಬಂದರಂತೆ. ಅವ್ವ ಲೋಟ ಹಿಡಿದುಕೊಂಡು ನಿಂತೇ ಬಿಟ್ಟಳು. ಊರಲ್ಲಿ ಮೇಲಿನ ಓಣಿಯವರು ಯಾರೂ ಅವಳ ಕೈಯ ನೀರು ಮುಟ್ಟಿರಲಿಲ್ಲ. ಲೋಟವನ್ನು ಕೈಗೆ ಕೊಡಬೇಕೋ, ನೆಲದ ಮೇಲಿಟ್ಟು ಸರಿಯಬೇಕೋ, ಅಪ್ಪನನ್ನು ಕರೆಯಬೇಕೋ ಅವಳಿಗೆ ತಿಳಿಯಲಿಲ್ಲ. ನಾನಾ ಅವಳ ಕೈಯಿಂದಲೇ ಲೋಟ ತೆಗೆದುಕೊಂಡು, ಬಾಯಿಗೆ ಹಚ್ಚಿ ಕುಡಿದು, ಒಲೆಯ ಕಡೆ ನೋಡಿ, ಅದೇನು ಅಷ್ಟು ಘಮಘಮಿಸುತ್ತಿದೆ ಎಂದು ಕೇಳಿದರು. ಅವತ್ತು ಕಡಲೆಹಿಟ್ಟಿನ ಝುಣಕ ಮಾಡಿದ್ದಳು. ಜೋಳದ ರೊಟ್ಟಿಯ ಮೇಲೆ ಝುಣಕ ಹಾಕಿಸಿಕೊಂಡು ಅಲ್ಲಿಯೇ ನೆಲಕ್ಕೆ ಕೂತು ಉಂಡರು. ಅಂದಿನಿಂದ ಹನ್ನೆರಡು ವರ್ಷ ಅವರ ಮಧ್ಯಾಹ್ನದ ಊಟ ನಮ್ಮಲ್ಲಿ.

ಅದಕ್ಕಾಗಿ ಅವರು ಏನು ಅನುಭವಿಸಿದರೆಂಬುದು ನನಗೆ ದೊಡ್ಡವಳಾದ ಮೇಲೆ ಪೂರ್ತಿ ಗೊತ್ತಾಯಿತು. ವಾಡೆಯಲ್ಲಿ ಅತ್ತಿಗೆ ಅವರ ತಾಟು, ತಂಬಿಗೆ ಬೇರೆ ಮಾಡಿ ಜಗುಲಿಯ ಮೂಲೆಗೆ ಇಟ್ಟಿದ್ದಳು. ನಾನಾ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ನಮ್ಮಲ್ಲಿಗೆ ಬಂದು ಟೊಪ್ಪಿಗೆ ತೆಗೆದು ಮೊಳೆಗೆ ಸಿಗಿಸಿ, ಇವತ್ತು ಏನು ಪಲ್ಯ ಎಂದು ಕೇಳುವುದು, ಪುಂಡಿಪಲ್ಯ ಎಂದರೆ ಚಿಕ್ಕ ಹುಡುಗನ ಹಾಗೆ ಚಪ್ಪಾಳೆ ತಟ್ಟುವುದು, ಇಷ್ಟೇ. ಊಟಕ್ಕೆ ಕೂತೇ ಅವರು ಕನ್ನಡ ಕಲಿತರು. ಕಲಿಸಿದವಳು ಅವ್ವ. ಅವ್ವ ಅವರ ಜೊತೆ ‘ಬರ್ರಿ, ಕುಂದ್ರಿ, ಉಣ್ರಿ’ ಎಂದೇ ಮಾತಾಡುತ್ತಿದ್ದುದರಿಂದ, ಕನ್ನಡವೆಂದರೆ ಅಷ್ಟೇ ಎಂದು ತಿಳಿದು ಎಲ್ಲರಿಗೂ ಅದನ್ನೇ ಹಚ್ಚಿಬಿಟ್ಟರು. ಆರು ವರ್ಷದ ನನಗೂ ಮರ್ಯಾದೆ, ಮನೆಯ ಬೆಕ್ಕಿಗೂ ಮರ್ಯಾದೆ.

“ಏನ್ರಿ ಕಮಲಾ, ಸಾಲಿ ಆತೇನ್ರಿ? ಬೆಕ್ಕವರೇ, ನೀವೂ ಬರ್ರಿ, ಕುಂದ್ರಿ, ಹಾಲು ತಗೋರಿ.”

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ತಿದ್ದಲಿಲ್ಲ. ಅಪ್ಪ ಒಮ್ಮೆ ತಿದ್ದಲು ಹೋದಾಗ, “ಇರ್ಲಿ ಬಿಡು, ಕೇಳಾಕ ಚಂದ ಅನಸತೈತಿ,” ಅಂದಳು. ಅದಕ್ಕೂ ಮೊದಲು ಅವಳ ಮಗಳನ್ನು ಯಾರೂ ಬಹುವಚನದಲ್ಲಿ ಕರೆದಿರಲಿಲ್ಲ.

ನಾಟಕ ಇದ್ದ ದಿನ ಸಂಜೆಯ ಮೊದಲೇ ಕಂಪನಿಯವರು ಬರುತ್ತಿದ್ದರು. ಅವರಿಗೂ ಅವ್ವನ ರೊಟ್ಟಿಯೇ ಬೇಕು. ರಾಣಿಯ ಪಾತ್ರದ ಹೆಣ್ಣುಮಗಳು ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಂಡು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಶೇಂಗಾ ಚಟ್ನಿ ನೆಕ್ಕುತ್ತಿದ್ದುದು ನನ್ನ ಕಣ್ಣಮುಂದಿದೆ. ಯಾರು ಯಾವ ಜಾತಿಯವರು, ಯಾರ ಕೈಯ ಅಡಿಗೆ ಎಂದು ಆ ಖೋಲಿಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಇದರಿಂದ ಒಂದು ಕೆಟ್ಟದ್ದಾಯಿತು. ಲೋಕವೆಲ್ಲ ಹೀಗೇ ಇದೆ ಎಂದು ನಾನು ತಿಳಿದುಕೊಂಡೆ. ಅವ್ವ ಕೂಡ, ಊರಲ್ಲಿ ಕಲಿತದ್ದನ್ನು ಆ ಹನ್ನೆರಡು ವರ್ಷದಲ್ಲಿ ಮೆಲ್ಲಗೆ ಮರೆತಳು.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಕೃಷ್ಣೆ ಉಕ್ಕಿ ಪೇಟೆಯೊಳಕ್ಕೆ ಬಂದಳು. ಥೇಟರಿನ ನೆಲ ರಂಗದ ಕಡೆಗೆ ಇಳಿಜಾರಾಗಿತ್ತು. ನೀರು ಅಲ್ಲಿ ತುಂಬಿ ನಿಂತು, ಮುಂದಿನ ಸಾಲಿನ ಕುರ್ಚಿಗಳು ಮುಳುಗಿ, ನಮ್ಮ ಖೋಲಿಗಳಿಗೂ ನುಗ್ಗಿತು. ನಾವು ಮೇಲೆ ಹೆಂಗಸರ ಬಾಲ್ಕನಿಗೆ ಏರಿದೆವು. ನದಿದಂಡೆಯ ಓಣಿಗಳವರು, ಹೊಳೆಯಾಚೆಯ ಸಾಂಗ್ಲಿವಾಡಿಯಿಂದ ದೋಣಿಯಲ್ಲಿ ಬಂದವರು, ಎಲ್ಲ ಸೇರಿ ನೂರಾರು ಜನ ಅಲ್ಲಿಯೇ. ನಾನಾ ತಾವೇ ಮುರುಕು ಕುರ್ಚಿಗಳನ್ನು ಒಡೆದು ಕಟ್ಟಿಗೆ ಮಾಡಿಕೊಟ್ಟರು. ಅವ್ವ ಇಟ್ಟಿಗೆ ಇಟ್ಟು ನಾಲ್ಕು ದಿನ ಖಿಚಡಿ ಬೇಯಿಸಿದಳು. ಕೈತುಂಬ ಬಂಗಾರದ ಬಳೆಯಿದ್ದ ಸಾಂಗ್ಲಿವಾಡಿಯ ಮುದುಕಿಯೊಬ್ಬಳು ಅವ್ವನ ಕೈ ಹಿಡಿದು, ನೀನು ನನ್ನ ತಾಯಿ ಇದ್ದ ಹಾಗೆ ಎಂದು ಮರಾಠಿಯಲ್ಲಿ ಅತ್ತಳು. ಅವ್ವ ಆ ಮಾತನ್ನು ಎಷ್ಟೋ ದಿನ ಹೇಳಿಕೊಂಡು ತಿರುಗಿದಳು.

ನೀರು ಇಳಿಯಿತು, ಥೇಟರು ಮಾತ್ರ ಚೇತರಿಸಿಕೊಳ್ಳಲಿಲ್ಲ. ರಂಗದ ಹಲಗೆಗಳು ಉಬ್ಬಿ ಬಿರಿದವು. ಪಡದೆಗಳಿಗೆ ಬೂಸು ಹಿಡಿಯಿತು. ಮೊದಲೇ ನಾಟಕ ನೋಡುವವರು ಕಡಿಮೆಯಾಗಿದ್ದರು. ಟ್ರಸ್ಟಿನವರು ನಾಲ್ಕಾರು ಸಲ ಬಂದು, ಮೂಗಿಗೆ ರುಮಾಲು ಹಿಡಿದು ತಿರುಗಾಡಿ, ಕಡೆಗೆ ಇದನ್ನು ಬಹುಉದ್ದೇಶೀಯ ಸಭಾಗೃಹ ಮಾಡುವುದೆಂದು ಠರಾವು ಮಾಡಿದರು. ಮದುವೆ, ಮುಂಜಿ, ಸಭೆ, ಸೀರೆಗಳ ಪ್ರದರ್ಶನ, ಯಾರಿಗೆ ಏನು ಬೇಕೋ ಅದು. ಇಳಿಜಾರು ನೆಲಕ್ಕೆ ಮಣ್ಣು ತುಂಬಿ ಸಮ ಮಾಡಿದರು. ರಂಗವನ್ನು ಅರ್ಧಕ್ಕೆ ಕತ್ತರಿಸಿ, ವಧೂವರರು ಕೂರುವಷ್ಟು ಉಳಿಸಿದರು. ಪಡದೆ ಎಳೆಯುವ ಹಗ್ಗ ಬಿಚ್ಚಿದ ದಿನ ಅಪ್ಪ ಊಟ ಬಿಟ್ಟ. ಅವನ ಕೆಲಸ ಹೋಗಲಿಲ್ಲ. ಎಲ್ಲರೂ ಹಾಲು ಎಂದು ಕರೆಯತೊಡಗಿದ ಆ ಸಭಾಗೃಹದ ಕೀಲಿಕೈ ಅವನಲ್ಲೇ ಉಳಿಯಿತು. ನಮ್ಮ ಎರಡು ಖೋಲಿಗಳ ನಡುವಿನ ಗೋಡೆ ಒಡೆದು, ಬಿಳಿ ಹಂಚು ಹಾಸಿ, ದೊಡ್ಡ ಗ್ಯಾಸಿನ ಒಲೆಗಳನ್ನಿಟ್ಟು ಮದುವೆಯ ಅಡಿಗೆಮನೆ ಮಾಡಿದರು. ನಮಗೆ ಮುಂದಿನ ಟಿಕೀಟು ಕೊಡುವ ಖೋಲಿ ಸಿಕ್ಕಿತು.

ಅವ್ವ ಅದಕ್ಕೆ ದುಃಖಪಟ್ಟಳು ಅಂದುಕೊಂಡರೆ ತಪ್ಪು. ಅವಳಿಗೆ ಸಂತೋಷವಾಗಿತ್ತು. ನಾನಾ ಅವಳಿಗೆ ಮೊದಲೇ ಹೇಳಿಟ್ಟಿದ್ದರು.

“ಸತ್ಯವ್ವಾ, ಇನ್ನ ಪೇಟಿಗೆ ಹೋಗೂದು ಬ್ಯಾಡ್ರಿ. ಇಲ್ಲೇ ಅಡಗಿ ಕೆಲಸಾ ಇರ್ತೈತ್ರಿ. ನಿಮ್ಮ ಕೈ ರುಚಿ ಎಲ್ಲಾ ಸಾಂಗ್ಲಿ ನೋಡ್ಲಿ.”

ಅವ್ವ ಅರಿಶಿಣದ ಪೇಟೆಗೆ ಹೋಗುವುದನ್ನು ನಿಲ್ಲಿಸಿದಳು. ಹೊಸ ಅಡಿಗೆಮನೆಯ ಹಂಚುಗಳನ್ನು ದಿನಕ್ಕೆ ಎರಡು ಸಲ ಒರೆಸಿದಳು. ಎಲ್ಲಿ ಹಿಟ್ಟಿನ ಪರಾತ ಇಡಬೇಕು, ಎಲ್ಲಿ ನೀರಿನ ಹಂಡೆ, ಹೊಗೆ ಯಾವ ಕಿಟಕಿಯಿಂದ ಹೋಗುತ್ತದೆ ಎಂದು ನನ್ನನ್ನು ನಿಲ್ಲಿಸಿಕೊಂಡು ತೋರಿಸಿದಳು. ನನ್ನ ಒಲೆ ಇದ್ದ ಜಾಗದಲ್ಲೇ ಈಗ ದೊಡ್ಡ ಒಲೆ ಬಂದಿದೆ ನೋಡು ಎಂದು ಮೂರು ಸಲ ಹೇಳಿದಳು.

ಮೊದಲ ಮದುವೆ ಒಂದು ಗುರುವಾರ. ಶಾಲೆಗೆ ಹೋಗುವುದಿಲ್ಲ ಎಂದು ಹಟ ಮಾಡಿ ನಾನೂ ಉಳಿದೆ. ಅವ್ವ ಬೆಳಗಾಗುತ್ತಲೇ ಮಿಂದು, ಬಿಳಿ ಅಂಚಿನ ಸೀರೆ ಉಟ್ಟು, ಅಡಿಗೆಯ ಆಚಾರಿ ಕರೆತಂದಿದ್ದ ಹೆಂಗಸರ ನಡುವೆ ಈಳಿಗೆ ಮಣೆ ಹಾಕಿಕೊಂಡು ಕೂತಳು. ನಾನು ಬಾಗಿಲ ಹೊರಗಿನ ಕಟ್ಟೆಯ ಮೇಲೆ. ಅವಳು ಬದನೆಕಾಯಿ ಸೀಳಿ ಉಪ್ಪುನೀರಿಗೆ ಹಾಕುವ ವೇಗ ನೋಡಿ ಆಚಾರಿಯೇ ಭಲೆ ಎಂದ. ದೊಡ್ಡ ಪಾತ್ರೆ ತುಂಬುತ್ತ ಬಂದಿತ್ತು. ಆಗ ಹುಡುಗಿಯ ಕಡೆಯ ಹಿರಿಯ ಹೆಂಗಸೊಬ್ಬಳು ಅಡಿಗೆ ನೋಡಲು ಬಂದಳು. ಒಬ್ಬೊಬ್ಬರನ್ನೂ ನಗುನಗುತ್ತ ಮಾತಾಡಿಸಿದಳು. ಅವ್ವನಿಗೆ ಯಾವ ಊರು ಎಂದಳು, ಮನೆತನದ ಹೆಸರು ಏನೆಂದಳು. ಅವ್ವ ಹೇಳಿದಳು. ಆ ಹೆಂಗಸು ಮುಖದ ನಗು ಆರಿಸಲಿಲ್ಲ, ಹೂಂ ಎಂದು ತಲೆಯಾಡಿಸಿ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ನಾನಾ ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲಿ, ನನ್ನ ಪಕ್ಕದಲ್ಲೇ ನಿಂತರು.

“ಸತ್ಯವ್ವಾ, ಜರಾ ಬಾಹೇರ ಯೇತಾ ಕಾ?”

ಸ್ವಲ್ಪ ಹೊರಗೆ ಬರುತ್ತೀರಾ ಅಂತ. ಮರಾಠಿಯಲ್ಲಿ ಅದು ಬಹಳ ಸೌಜನ್ಯದ ಮಾತು. ಆದರೆ ಅವ್ವನ ಜೊತೆ ಅವರು ಮರಾಠಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವನೂ ಅದನ್ನು ಗಮನಿಸಿರಬೇಕು, ಈಳಿಗೆ ಮಡಚಿಟ್ಟು ಗಾಬರಿಯಿಂದ ಎದ್ದು ಬಂದಳು. ನಾನಾ ಗೋಡೆಯ ಕಡೆ ನೋಡುತ್ತ, ಹಾಗೆಯೇ ಮರಾಠಿಯಲ್ಲಿ ಹೇಳಿದರು: ಬೀಗರ ಮಂದಿ ಹಳೆಯ ಕಾಲದವರು, ಟ್ರಸ್ಟಿನವರೂ ಹೇಳಿ ಕಳಿಸಿದ್ದಾರೆ, ಅಡಿಗೆ ನಡೆದಾಗ ನೀವು ಒಳಗೆ ಬರುವುದು ಬೇಡ, ಹೊರಗೆ ಪಾತ್ರೆ ತೊಳೆಯುವುದು, ಹಾಲು ಗುಡಿಸುವುದು ನಿಮ್ಮದೇ, ಅದನ್ನು ಯಾರೂ ತೆಗೆಯುವುದಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ನಾವು ಅಂಗಳ ದಾಟುವಷ್ಟರಲ್ಲಿ ಇಬ್ಬರು ಅವಳು ಹೆಚ್ಚಿದ ಬದನೆಕಾಯಿಯ ಪಾತ್ರೆಯನ್ನು ಹೊತ್ತು ತಂದು ಹಿಂಬಾಗಿಲ ಹತ್ತಿರ ಸುರಿದರು. ನೀರು ಹರಿದು ನನ್ನ ಕಾಲಿಗೆ ತಾಗಿತು.

ಮದುವೆಯ ಪಂಕ್ತಿಗಳು ಮುಗಿದ ಮೇಲೆ, ಸುಮಾರು ನಾಲ್ಕು ಗಂಟೆಗೆ, ನಾನಾ ಟಿಕೀಟಿನ ಖೋಲಿಗೆ ಬಂದರು. ಮದುವೆಯ ಊಟ ಅವರು ಮುಟ್ಟಿರಲಿಲ್ಲ. ಟೊಪ್ಪಿಗೆ ತೆಗೆದರು, ಇಲ್ಲಿ ಅದಕ್ಕೆ ಮೊಳೆ ಇರಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವ್ವ ದಿನದ ಹಾಗೆಯೇ ತಾಟು ಇಟ್ಟು ರೊಟ್ಟಿ, ಬೇಳೆ ಪಲ್ಯ, ಚಟ್ನಿ ಬಡಿಸಿದಳು. ಅವರು ಒಂದು ತುತ್ತು ಬಾಯಿಗಿಟ್ಟರು. ಆಗ ಅವ್ವ ಬಹಳ ಮೆತ್ತಗೆ ಕೇಳಿದಳು.

“ನಾನಾ, ಇದೂ ಅದ ಕೈ ಅಲ್ಲೇನ್ರಿ?”

ಅವರ ಕೈ ತಾಟಿನಲ್ಲೇ ನಿಂತಿತು. ಆಮೇಲೆ ತಲೆ ಬಗ್ಗಿಸಿಕೊಂಡು ತಾಟಿನಲ್ಲಿದ್ದುದನ್ನೆಲ್ಲ ಒಂದು ಚೂರೂ ಬಿಡದೆ ಉಂಡರು. ಎದ್ದು, ಎಂದೂ ಇಲ್ಲದ್ದು, ತಾವೇ ತಾಟು ತೊಳೆದು ಗೋಡೆಗೆ ಆನಿಸಿಟ್ಟರು. ಬರುತ್ತೇನೆ ಎಂದು ಹೇಳದೆ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನಮ್ಮ ಮನೆಯಲ್ಲಿ ನಾನು ಕಂಡ ದೊಡ್ಡ ಜಗಳ ಅದೇ ವಾರ ಆದದ್ದು. ಅಪ್ಪ ಎಂದೂ ದನಿ ಎತ್ತಿದವನಲ್ಲ, ಅವತ್ತು ಎತ್ತಿದ.

“ಉಣ್ಣಾಕ ಕುಂತ ಮನಶ್ಯಾಗ ಹಂಗ ಕೇಳೂದಿತ್ತೇನ? ಇಷ್ಟ ವರ್ಷ ನಮಗ ಆಸರಾ ಕೊಟ್ಟಾರ ಅವರು. ನಮ್ಮ ಸಲುವಾಗಿ ತಮ್ಮ ಮನ್ಯಾಗ ಹೊರಗ ಕುಂತು ಉಂಡಾರ.”

“ಅವರಿಗೆ ಕೇಳಲಾರದ ಮತ್ಯಾರಿಗೆ ಕೇಳ್ಲಿ? ಆ ಬೀಗರಿಗೆ ಕೇಳ್ಲೇನ? ಟ್ರಸ್ಟಿನವರಿಗೆ ಕೇಳ್ಲೇನ? ಅವರು ಬ್ಯಾರೆ ಮಂದಿ. ಇವರು ನಮ್ಮವರು ಅಂತ ಕೇಳಿದೆ.”

“ಕೇಳಿ ಏನಾತು? ಮನಶ್ಯಾ ಹೋದ.”

ಅವ್ವ ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು. ನಾನು ಅಪ್ಪನ ಪಕ್ಷ. ಹದಿಮೂರು ವರ್ಷದ ನನಗೆ ಬೀಗರ ಮೇಲೆ, ಟ್ರಸ್ಟಿನವರ ಮೇಲೆ, ನಾನಾನ ಮೇಲೆ ಸಿಟ್ಟು ಬರಲಿಲ್ಲ. ಅವ್ವನ ಮೇಲೆ ಬಂತು. ಅವಳು ಸುಮ್ಮನಿದ್ದಿದ್ದರೆ ನಾನಾ ಬರುತ್ತಿದ್ದರು, ನನಗೆ ಏನ್ರಿ ಕಮಲಾ ಅನ್ನುತ್ತಿದ್ದರು ಅನ್ನಿಸಿತು. ಅವಳ ಜೊತೆ ಮಾತು ಬಿಟ್ಟೆ. ಎಂಟು ದಿನ ನಾನು ಅವಳ ಮುಖ ನೋಡದೆ ಉಂಡೆ. ಈ ಬರಹದಲ್ಲಿ ನನಗೆ ಹೇಳಲು ಎಲ್ಲಕ್ಕಿಂತ ಕಷ್ಟವಾದದ್ದು ಈ ಮಾತು. ಅವಮಾನ ಆದವಳು ಅವಳು, ಶಿಕ್ಷೆ ಕೊಟ್ಟವಳು ನಾನು. ಒಂಬತ್ತನೆಯ ದಿನ ಯಾರಿಗೂ ಹೇಳದೆ ನಾನಾನನ್ನು ಕರೆತರಲು ವಾಡೆಗೆ ಹೋದೆ. ಅತ್ತಿಗೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿದಳು. ನಾನಾ ಹೊರಗೆ ಬಂದರು. ಊಟಕ್ಕೆ ಬರಬೇಕಂತೆ ಎಂದು ಸುಳ್ಳು ಹೇಳಿದೆ. ಹೊಟ್ಟೆ ಸರಿಯಿಲ್ಲ ಮಗಾ ಎಂದು ಅವರೂ ಸುಳ್ಳು ಹೇಳಿದರು, ಮರಾಠಿಯಲ್ಲಿ. ಅವರು ಮಾತಾಡಿದ್ದು ಏಕವಚನದಲ್ಲಿ, ನನ್ನ ವಯಸ್ಸಿನ ಯಾವ ಹುಡುಗಿಯ ಜೊತೆಗಾದರೂ ಮಾತಾಡುವ ಹಾಗೆ. ದಾರಿಯುದ್ದಕ್ಕೂ ಅಳುತ್ತ ಬಂದೆ. ಮನೆಗೆ ಬಂದಾಗ ಅವ್ವ ಏನೂ ಕೇಳದೆ ನನ್ನ ಕಾಲಿಗೆ ನೀರು ಕೊಟ್ಟಳು. ನಾನು ಹೋದದ್ದು ಅವಳಿಗೆ ಗೊತ್ತಿತ್ತು.

ಮುಂದಿನ ವರ್ಷಗಳಲ್ಲಿ ನಾನಾ ಹಾಲಿಗೆ ಬರುತ್ತಿದ್ದರು, ಹೋಗುತ್ತಿದ್ದರು. ನಮಗೂ ಅವರಿಗೂ ಕೆಲಸದ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಅವ್ವ ಹಿಂದಿನ ಅಂಗಳದಲ್ಲಿ ಪಾತ್ರೆ ತಿಕ್ಕಿದಳು. ತಾನು ಅಷ್ಟು ವರ್ಷ ರೊಟ್ಟಿ ಬಡಿದ ಖೋಲಿಯ ಎಂಜಲು ಪಾತ್ರೆಗಳು ಅವಳ ಮುಂದೆ ರಾಶಿ ಬೀಳುತ್ತಿದ್ದವು. ಒಳಗಿನಿಂದ ಉಳಿದ ಅನ್ನ, ಬುಂದಿ ತಂದು ಕೊಟ್ಟರೆ ನನಗೆ, ಅಪ್ಪನಿಗೆ ಇಡುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ಅಡಿಗೆ ಇಲ್ಲದ ದಿನ ಒಳಗೆ ಹೋಗಿ ಗುಡಿಸಬಹುದಿತ್ತು, ಅದಕ್ಕೆ ಅಡ್ಡಿ ಇರಲಿಲ್ಲ. ಆ ಕೆಲಸವನ್ನು ಅವಳು ಅಪ್ಪನಿಗೆ ಬಿಟ್ಟಳು. ಆ ಗುರುವಾರದ ನಂತರ ಅವಳು ಆ ಹೊಸ್ತಿಲು ದಾಟಿದ್ದನ್ನು ನಾನು ನೋಡಲಿಲ್ಲ. ನಾನಾ ಒಂದು ದಿನ ಕೆಲಸ ಬಿಟ್ಟರು. ಕೀಲಿಗಳ ಗೊಂಚಲನ್ನು ಅಪ್ಪನ ಕೈಗೆ ಕೊಟ್ಟು, ಟಿಕೀಟಿನ ಖೋಲಿಯ ಕಿಟಕಿಯ ಮುಂದೆ ಒಂದು ಗಳಿಗೆ ನಿಂತು ಹೋದರು. ಒಳಗೆ ಅವ್ವ ಇದ್ದಳು. ಎದ್ದು ಬರಲಿಲ್ಲ.

ನನಗೆ ಮಿರಜಿನಲ್ಲಿ ನರ್ಸಿಂಗ್ ಕಲಿಯಲು ಜಾಗ ಸಿಕ್ಕಿತು. ಕರ್ನಾಟಕದ ಕಡೆಯಿಂದ ರೋಗಿಗಳು ರೈಲು ತುಂಬ ಬರುವ ಊರು ಅದು. ನನ್ನ ಕನ್ನಡಕ್ಕೆ ಬೆಲೆ ಬಂದದ್ದು ಅಲ್ಲಿ. ಯಾವ ವಾರ್ಡಿನಿಂದಲೂ ಕಮಲಾನ ಕರೀರಿ ಎಂದು ಕರೆ ಬರುತ್ತಿತ್ತು. ಎರಡನೆಯ ವರ್ಷ ಗಂಡಸರ ವಾರ್ಡಿನಲ್ಲಿ ಮುಂಜಾನೆ ಚಾದರ ಬದಲಿಸುತ್ತ ಹೋಗುವಾಗ ಕಿಟಕಿಯ ಹತ್ತಿರದ ಮಂಚದಿಂದ ಒಡಕು ದನಿಯೊಂದು ಬಂತು.

“ಬರ್ರಿ ಕಮಲಾ. ಕುಂದ್ರಿ.”

ನಾನಾ. ಗಂಟಲಿನ ರೋಗ. ಮೂಗಿನಲ್ಲಿ ನಳಿಕೆ, ಕೆನ್ನೆ ಒಳಗೆ ಹೋಗಿದೆ, ತಲೆಯ ಮೇಲೆ ಟೊಪ್ಪಿಗೆ ಇಲ್ಲದ್ದರಿಂದ ಗುರುತೇ ಸಿಗಲಿಲ್ಲ. ನನ್ನ ಬಿಳಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದರು. ಪ್ರತಿ ಮಾತಿಗೂ ನಿಂತು ಉಸಿರು ಎಳೆದುಕೊಂಡು ಕೇಳಿದರು.

“ಅವ್ವನ ಸಿಟ್ಟು… ಹೋಗ್ಯಾರೇನ್ರಿ?”

ಸಿಟ್ಟಿಗೂ ಮರ್ಯಾದೆ ಕೊಟ್ಟಿದ್ದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಚಾದರದ ಮೂಲೆ ಮಡಚುತ್ತ ನಿಂತೆ. ಅಂದೇ ಮಧ್ಯಾಹ್ನ ಮನೆಗೆ ಹೋಗಿ ಹೇಳಿದೆ. ಅವ್ವ ಕೇಳಿಸಿಕೊಂಡು ಪಾತ್ರೆ ತಿಕ್ಕುವುದನ್ನು ಮುಂದುವರಿಸಿದಳು. ಬರುವುದಿಲ್ಲ ಅಂದುಕೊಂಡೆ. ಮರುದಿನ ಭೇಟಿಯ ಹೊತ್ತಿಗೆ ಬಸ್ಸು ಹತ್ತಿ ಬಂದಳು, ಕೈಯಲ್ಲಿ ಅರಿವೆ ಕಟ್ಟಿದ ಬುತ್ತಿ. ನಾನಾನಿಗೆ ನಳಿಕೆಯಲ್ಲಿ ಹಾಲು ಬಿಟ್ಟರೆ ಏನೂ ಹೋಗುವುದಿಲ್ಲ ಎಂದು ನಾನು ಅವಳಿಗೆ ಹೇಳಿದ್ದೆ. ಆದರೂ ತಂದಿದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾನಾ ಮೆಲ್ಲಗೆ ಅವಳ ಕಡೆ ಹೊರಳಿದರು.

“ಸತ್ಯವ್ವಾ, ನಾನು ಅಂದಿಲ್ರಿ. ಅವರು ಅಂದ್ರು. ನಾನು ಬರೇ ತಂದೇನ್ರಿ.”

“ಗೊತ್ತೈತ್ರಿ ನಾನಾ.” ಅವ್ವ ಬುತ್ತಿಯ ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು. “ಗೊತ್ತೈತಿ. ಆದ್ರ ನನಗ ಕೇಳಿಸಿದ್ದು ನಿಮ್ಮ ಬಾಯಿಲೆ.”

ನಾನಾ ಕಣ್ಣು ಮುಚ್ಚಿಕೊಂಡರು. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಕೈಯಿಂದ ಬುತ್ತಿಯನ್ನು ತೋರಿಸಿದರು.

“ಏನು ತಂದೀರಿ?”

“ಪುಂಡಿಪಲ್ಯ, ರೊಟ್ಟಿ.”

“ನೀವು ಉಣ್ರಿ. ಇಲ್ಲೇ. ನಾನು ನೋಡ್ತೇನಿ.”

ಅವ್ವ ಗಂಡಸರ ಮುಂದೆ ಕೂತು ಉಂಡವಳಲ್ಲ. ಹನ್ನೆರಡು ವರ್ಷ ಅವರಿಗೆ ಬಡಿಸಿ, ಅವರು ಎದ್ದು ಹೋದ ಮೇಲೆ ಉಂಡವಳು. ಅವತ್ತು ಆ ವಾರ್ಡಿನಲ್ಲಿ, ಅಕ್ಕಪಕ್ಕದ ಮಂಚಗಳವರು ನೋಡುತ್ತಿರಲು, ಬುತ್ತಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಒಂದು ರೊಟ್ಟಿ ಪೂರ್ತಿ ಉಂಡಳು. ನಾನಾ ಒಂದೊಂದು ತುತ್ತನ್ನೂ ಕಣ್ಣಿನಿಂದ ಹಿಂಬಾಲಿಸಿದರು. ಐದನೆಯ ದಿನ ಅವರು ತೀರಿಕೊಂಡರು. ವಾಡೆಯಿಂದ ಹೆಣ ಎತ್ತುವಾಗ ನಾವು ಮೂವರೂ ಬೀದಿಯ ಆಚೆ ಬದಿಗೆ ನಿಂತಿದ್ದೆವು. ಸಿಟ್ಟು ಹೋಯಿತೇ ಎಂದು ನಾನು ಅವ್ವನನ್ನು ಎಂದೂ ಕೇಳಲಿಲ್ಲ. ಹೋಗಿರಲಿಲ್ಲ ಅನ್ನಿಸುತ್ತದೆ. ಅದರ ಜೊತೆಗೆ ಅವರನ್ನು ಕಳೆದುಕೊಂಡ ದುಃಖವೂ ಸೇರಿ, ಎರಡನ್ನೂ ಬಿಡಿಸಲಾಗದೆ ಅವಳು ಉಳಿದ ವರ್ಷಗಳನ್ನು ಕಳೆದಳು.

ಅಪ್ಪ ಹೋದ ಮೇಲೆ ಅವ್ವ ಮಿರಜಿನಲ್ಲಿ ನನ್ನ ಜೊತೆ ಇದ್ದಳು. ನಾನೂ ನಿವೃತ್ತಳಾದೆ. ಹಾಲಿಗೆ ಈಗ ಹೊಳೆಯುವ ನೆಲ, ಹವಾನಿಯಂತ್ರಣ, ಬಾಗಿಲಲ್ಲಿ ಬಣ್ಣದ ಅಕ್ಷರ ಓಡುವ ಫಲಕ. ಒಂದು ದಿನ ರಕ್ತದಾನ, ಒಂದು ದಿನ ಯೋಗ, ಒಂದು ದಿನ ಚುನಾವಣೆಯ ಭಾಷಣ. ಅವ್ವ ತೀರಿಕೊಳ್ಳುವ ಹಿಂದಿನ ವರ್ಷ, ನಮ್ಮ ಸಮಾಜದ ಹುಡುಗರು ಬುದ್ಧ ಪೌರ್ಣಿಮೆಯ ಕಾರ್ಯಕ್ರಮಕ್ಕೆ ಅದೇ ಹಾಲನ್ನು ಹಿಡಿದರು. ಅಡಿಗೆಯೂ ನಮ್ಮವರದೇ. ನನ್ನ ಮಗಳು ಪ್ರಜ್ಞಾ ಅವರಲ್ಲಿ ಒಬ್ಬಳು. ಅವಳಿಗೆ ನಾನು ಎಲ್ಲ ಹೇಳಿದ್ದೆ. ಮೊದಲ ಒಲೆಯನ್ನು ಅಜ್ಜಿಯ ಕೈಯಿಂದಲೇ ಹಚ್ಚಿಸುವುದೆಂದು ಅವಳೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿಬಿಟ್ಟಳು. ನನಗೂ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟು ವರ್ಷದ ಗಾಯ ಒಂದು ಮುಂಜಾನೆಯಲ್ಲಿ ಮಾಯುತ್ತದೆ ಎಂದು, ನಲವತ್ತು ವರ್ಷ ಗಾಯಗಳನ್ನು ನೋಡಿದವಳು ನಾನೇ ನಂಬಿದೆ.

ಅವ್ವ ಬಿಳಿ ಸೀರೆ ಉಟ್ಟು ನನ್ನ ಕೈ ಹಿಡಿದು ಹಾಲನ್ನು ದಾಟಿದಳು. ಹುಡುಗರು ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದರು. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಇಣುಕಿ ಎಲ್ಲ ನೋಡಿದಳು. ಕಾಲು ಎತ್ತಲಿಲ್ಲ. ನೋವಿರಬೇಕೆಂದು ನಾನು ಭುಜಕ್ಕೆ ಆಸರೆ ಕೊಟ್ಟೆ.

“ಆಜೀ, ಚಲ ನಾ,” ಎಂದು ಒಳಗೆ ಕರೆದಳು ಪ್ರಜ್ಞಾ, ತನ್ನ ಅರೆ ಮರಾಠಿ ಅರೆ ಕನ್ನಡದಲ್ಲಿ. “ಇವತ್ತ ಎಲ್ಲಾ ನಮ್ದೇ ಐತಿ.”

“ಹೌದವ್ವಾ, ನಿಮ್ಮದೈತಿ. ನೀವು ಹೋಗ್ರಿ.”

“ನೀನೂ ಬಾ ಅವ್ವಾ,” ಎಂದೆ ನಾನು. “ನಾವು ಕರ್ಯಾಕ ಹತ್ತೇವಲ್ಲ.”

ಅವಳು ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಸಣ್ಣ ಮಕ್ಕಳಿಗೆ ಲೆಕ್ಕ ತಿಳಿಸುವ ಹಾಗೆ ಹೇಳಿದಳು.

“ನೀವು ಕರೆದ್ರ ಆಗಂಗಿಲ್ಲ, ಕಮಲಾ. ಹೊರಗ ಬಾ ಅಂದವರು ಒಳಗ ಬಾ ಅನಬೇಕು. ಅವರ್ಯಾರೂ ಈಗ ಇಲ್ಲ.”

ಹೊರಗಿನ ಕಟ್ಟೆಯ ಮೇಲೆ ಕೂತಳು. ಸುಮ್ಮನೆ ಕೂರುವುದು ಅವಳಿಗೆ ಗೊತ್ತಿರಲಿಲ್ಲ. ಬೆಳ್ಳುಳ್ಳಿ ತರಿಸಿಕೊಂಡು ಸುಲಿಯತೊಡಗಿದಳು. ಹುಡುಗರು ಫೋನುಗಳನ್ನು ಕಿಸೆಗೆ ಹಾಕಿಕೊಂಡರು. ಪ್ರಜ್ಞಾ ಗೋಡೆಗೆ ತಿರುಗಿ ಅತ್ತಳು. ಒಳಗೆ ಹೋಗಿ ಒಲೆ ಹಚ್ಚಿದವಳು ನಾನು. ಅಡಿಗೆಯಾಯಿತು, ಬುದ್ಧವಂದನೆ ಆಯಿತು, ಪಂಕ್ತಿ ಹಾಕಿದರು. ಮೊದಲ ತಾಟನ್ನು ಪ್ರಜ್ಞಾ ಕಟ್ಟೆಗೇ ತಂದುಕೊಟ್ಟಳು. ಆ ಅಡಿಗೆಮನೆಯಿಂದ ಬಂದದ್ದನ್ನು ಅವ್ವ ಉಣ್ಣುತ್ತಾಳೋ ಇಲ್ಲವೋ ಎಂದು ನಾನು ನೋಡುತ್ತ ನಿಂತಿದ್ದೆ. ಅವಳು ಅನ್ನಕ್ಕೆ ಸಾರು ಕಲಸಿ, ತುತ್ತು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ಅಗಿದಳು.

“ಸಾರಿಗೆ ಹುಳಿ ಕಡಿಮಿ ಬಿದ್ದೈತಿ,” ಎಂದಳು. “ಮಂದಿ ಕುಂಡ್ರೂದ್ರಾಗ ಹೋಗಿ ಒಳಗ ಹೇಳು.”

ನಾನು ಹೇಳಲು ಒಳಗೆ ಹೋದೆ.